ಊರಾಚೆ ಅಚ್ಚಾದ ಭಾಷೆ

ಬೆಲಾರೂಸಿನ ಪೊಲೊತ್ಸ್ಕ್ ಪಟ್ಟಣದಲ್ಲಿ ಒಂದು ಅಕ್ಷರಕ್ಕೆ ಸ್ಮಾರಕವಿದೆ. ರಾಜನಿಗಲ್ಲ, ದಂಡನಾಯಕನಿಗಲ್ಲ, ಬರೀ ಒಂದು ಅಕ್ಷರಕ್ಕೆ. ಸಿರಿಲಿಕ್ ಲಿಪಿಯ ‘ಉ’ಕಾರದ ನೆತ್ತಿಯ ಮೇಲೆ ಸಣ್ಣದೊಂದು ಬಾಗುಗೆರೆ. ಉಚ್ಚಾರ ನಮ್ಮ ‘ಉ’ ಮತ್ತು ‘ವ’ಗಳ ನಡುವಿನದು. ರಷ್ಯನ್ ವರ್ಣಮಾಲೆಯಲ್ಲಿ ಈ ಅಕ್ಷರವಿಲ್ಲ, ಉಕ್ರೇನಿಯನ್ನಿನಲ್ಲೂ ಇಲ್ಲ. ‘ನಾವು ರಷ್ಯನ್ನರಲ್ಲ’ ಎಂದು ಹೇಳಲು ಬೆಲಾರೂಸಿಯನ್ನರು 2003ರಲ್ಲಿ ಈ ಅಕ್ಷರವನ್ನೇ ನಿಲ್ಲಿಸಿದರು ಎಂದರೂ ನಡೆದೀತು.

ಇದೇ ಪೊಲೊತ್ಸ್ಕ್‌ನ ವ್ಯಾಪಾರಿಯೊಬ್ಬನ ಮಗ ಫ್ರಾನ್ಸಿಸ್ಕ್ ಸ್ಕರಿನಾ. ಕ್ರಾಕೊವ್‌ನಲ್ಲಿ ಓದಿ, 1512ರಲ್ಲಿ ಇಟಲಿಯ ಪಾದುವಾದಲ್ಲಿ ವೈದ್ಯಪದವಿ ಪಡೆದವನು. ಆದರೆ ಹೆಸರು ಮಾಡಿದ್ದು ಮುದ್ರಣದಲ್ಲಿ. 1517ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ದಾವೀದನ ಕೀರ್ತನೆಗಳನ್ನು ಅಚ್ಚು ಹಾಕಿದ. ಎರಡು ವರ್ಷಗಳಲ್ಲಿ ಬೈಬಲಿನ 23 ಭಾಗಗಳನ್ನು ಹೊರತಂದ. ಭಾಷೆ ಚರ್ಚಿನ ಹಳೆಯ ಸ್ಲಾವೊನಿಕ್ಕೇ ಆದರೂ ಊರ ಮಾತು ಅದರೊಳಗೆ ಧಾರಾಳವಾಗಿ ನುಸುಳಿತ್ತು. ಕಠಿಣ ಪದಗಳಿಗೆ ಪುಟದ ಅಂಚಿನಲ್ಲಿ ಆಡುಮಾತಿನ ಅರ್ಥವಿತ್ತು. ಪವಿತ್ರ ಗ್ರಂಥದಲ್ಲಿ ತನ್ನದೇ ಭಾವಚಿತ್ರವನ್ನೂ ಅಚ್ಚು ಹಾಕಿಸಿಕೊಂಡ ಧೈರ್ಯಸ್ಥ!

ಗಮನಿಸಬೇಕಾದದ್ದು ಊರಿನ ಹೆಸರು: ಪ್ರಾಗ್. ಬೆಲಾರೂಸಿಯನ್ ಗುರುತು ರೂಪುಗೊಂಡಿದ್ದು ಬಹುಪಾಲು ಪರಸ್ಥಳದ ಮುದ್ರಣಾಲಯಗಳಲ್ಲಿ.

ಆಗ ಬೆಲಾರೂಸಿನ ನೆಲವೆಲ್ಲ ಲಿಥುವೇನಿಯಾದ ಮಹಾಸಂಸ್ಥಾನಕ್ಕೆ ಸೇರಿತ್ತು, ರಾಜಧಾನಿ ವಿಲ್ನಿಯಸ್. ಸಂಸ್ಥಾನದ ಕಾನೂನು ಸಂಹಿತೆಗಳು 1529, 1566, 1588ರಲ್ಲಿ ಬಂದವು, ಮೂರೂ ಇಲ್ಲಿನ ಸ್ಲಾವಿಕ್ ನುಡಿಯಲ್ಲಿ. ನ್ಯಾಯಾಲಯದ ಗುಮಾಸ್ತ ಈ ನುಡಿಯಲ್ಲೇ ಬರೆಯಬೇಕೆಂದು ಕೊನೆಯ ಸಂಹಿತೆ ಕಟ್ಟಪ್ಪಣೆ ಮಾಡಿತ್ತು. (ಇದು ಹಳೆಯ ಬೆಲಾರೂಸಿಯನ್ನೋ ಹಳೆಯ ಉಕ್ರೇನಿಯನ್ನೋ ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.) 1696ರಲ್ಲಿ ಕಚೇರಿಗಳಲ್ಲಿ ಈ ನುಡಿಯ ಜಾಗಕ್ಕೆ ಪೋಲಿಷ್ ಬಂತು. ಶ್ರೀಮಂತರು ಆಗಲೇ ಪೋಲಿಷ್‌ಗೆ ವಾಲಿದ್ದರು. ಊರ ಮಾತು ಉಳುವವರ ಪಾಲಿಗೆ ಉಳಿಯಿತು.

ಉಳುವವರ ಜೊತೆಗೆ ಇನ್ನೊಂದು ಸಣ್ಣ ಸಮುದಾಯವೂ ಅದನ್ನು ಕಾಪಾಡಿತು. 14ನೇ ಶತಮಾನದ ಕೊನೆಗೆ ಇಲ್ಲಿ ನೆಲೆಸಿದ ತಾತಾರ ಮುಸ್ಲಿಮರು ಕ್ರಮೇಣ ತಮ್ಮ ನುಡಿ ಮರೆತು ನೆರೆಹೊರೆಯವರ ಮಾತು ಕಲಿತರು. ಲಿಪಿಯನ್ನು ಮಾತ್ರ ಬಿಡಲಿಲ್ಲ. ಅವರ ‘ಕಿತಾಬ್’ ಎಂಬ ಹಸ್ತಪ್ರತಿಗಳಲ್ಲಿ ಬೆಲಾರೂಸಿಯನ್ ಮಾತು ಅರಬಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಸಾಗುತ್ತದೆ. ಅರಬಿಯಲ್ಲಿ ಇಲ್ಲದ ಸ್ಲಾವಿಕ್ ಧ್ವನಿಗಳಿಗೆ ಹೊಸ ಅಕ್ಷರಗಳನ್ನೇ ರೂಪಿಸಿಕೊಂಡರು.

1772ರಿಂದ 1795ರೊಳಗೆ ಮೂರು ಕಂತುಗಳಲ್ಲಿ ನೆಲವೆಲ್ಲ ರಷ್ಯಾದ ಕೈ ಸೇರಿತು. 1862–63ರಲ್ಲಿ ದಂಗೆಕೋರ ಕಾಸ್ತುಸ್ ಕಲಿನೌಸ್ಕಿ ರೈತರಿಗಾಗಿ ‘ಮುಝೀತ್ಸ್ಕಾಯಾ ಪ್ರಾವ್ದಾ’ ಎಂಬ ಪತ್ರಿಕೆಯನ್ನು ಗುಟ್ಟಾಗಿ ಹಂಚಿದ. ರೋಮನ್ ಲಿಪಿಯಲ್ಲಿ ಏಳು ಸಂಚಿಕೆ, ಕೆಳಗೆ ‘ವಿಲ್ನಿಯಸ್ ಬಳಿಯ ಒಕ್ಕಲಿಗ ಯಾಸ್ಕಾ’ ಎಂಬ ಸಹಿ. 1864ರ ಮಾರ್ಚ್‌ನಲ್ಲಿ ವಿಲ್ನಿಯಸ್‌ನ ಚೌಕವೊಂದರಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ಎಲುಬುಗಳು ಅಲ್ಲಿನ ಗುಡ್ಡವೊಂದರಲ್ಲಿ ಸಿಕ್ಕಿ, 2019ರ ನವೆಂಬರ್‌ನಲ್ಲಿ ಗೌರವದೊಂದಿಗೆ ಮಣ್ಣು ಸೇರಿದವು. 1891ರಲ್ಲಿ ಫ್ರಾಂತ್ಸಿಶಕ್ ಬಹುಶೆವಿಚ್ ಕವನ ಸಂಕಲನ ತರಬೇಕೆಂದಾಗ ಕಳ್ಳಹೆಸರು ಇಟ್ಟುಕೊಂಡು ಗಡಿಯಾಚೆಯ ಕ್ರಾಕೊವ್‌ನಲ್ಲಿ ಅಚ್ಚು ಹಾಕಿಸಬೇಕಾಯಿತು.

1906ರಲ್ಲಿ ವಿಲ್ನಿಯಸ್‌ನಲ್ಲಿ ಶುರುವಾದ ‘ನಾಶಾ ನಿವಾ’ ವಾರಪತ್ರಿಕೆಯ ಪಾಡು ಇನ್ನೊಂದು. ಕ್ಯಾಥೊಲಿಕರಿಗೆ ರೋಮನ್ ಲಿಪಿ, ಆರ್ಥೊಡಾಕ್ಸ್ ಓದುಗರಿಗೆ ಸಿರಿಲಿಕ್ ಎಂದು ಒಂದೇ ಪತ್ರಿಕೆಯನ್ನು ಎರಡು ಲಿಪಿಗಳಲ್ಲಿ ಹೊರಡಿಸುತ್ತಿದ್ದರು. 1912ರಲ್ಲಿ ಸಿರಿಲಿಕ್ ಒಂದೇ ಉಳಿಯಿತು. ಯಾಂಕಾ ಕುಪಾಲಾ, ಯಾಕುಬ್ ಕೊಲಾಸ್‌ರಂಥ ಕವಿಗಳು ಬೆಳೆದದ್ದು ಇದರ ಪುಟಗಳಲ್ಲಿ. ಆದರೂ ಹಳ್ಳಿಗಳಲ್ಲಿ ‘ನೀವು ಯಾರು?’ ಎಂದರೆ ಬಹಳ ಜನ ‘ಇಲ್ಲಿಯವರು’ ಎನ್ನುತ್ತಿದ್ದರು. 1931ರ ಪೋಲೆಂಡ್ ಜನಗಣತಿಯಲ್ಲಿ, ಮುಖ್ಯವಾಗಿ ಆಗ ಪೋಲೆಂಡ್‌ಗೆ ಸೇರಿದ್ದ ಪೊಲೆಸಿಯೆ ಪ್ರಾಂತದಲ್ಲಿ, 7 ಲಕ್ಷಕ್ಕೂ ಹೆಚ್ಚು ಮಂದಿಯ ಮಾತೃಭಾಷೆ ‘ಇಲ್ಲಿಯದು’ ಎಂದೇ ದಾಖಲಾಗಿದೆ.

ಬ್ರನಿಸ್ಲಾವ್ ತರಶ್ಕೆವಿಚ್ ಬರೆದ ಶಾಲಾ ವ್ಯಾಕರಣ 1918ರಲ್ಲಿ ಬಂತು, ಅದೂ ವಿಲ್ನಿಯಸ್‌ನಿಂದಲೇ. 1920ರ ದಶಕದಲ್ಲಿ ಸೋವಿಯತ್ ಆಡಳಿತದ ಮಿನ್ಸ್ಕ್‌ನಲ್ಲಿ ಭಾಷೆಗೆ ಸುಖದ ದಿನಗಳು: ಬೆಲಾರೂಸಿಯನ್, ರಷ್ಯನ್, ಪೋಲಿಷ್, ಯಿಡ್ಡಿಷ್ ನಾಲ್ಕೂ ಅಧಿಕೃತ. ದಶಕ ಕಳೆದದ್ದೇ ಗಾಳಿ ತಿರುಗಿತು. 1933ರಲ್ಲಿ ಸರ್ಕಾರ ಆಜ್ಞೆ ಹೊರಡಿಸಿ ಕಾಗುಣಿತವನ್ನು ರಷ್ಯನ್ನಿಗೆ ಹತ್ತಿರ ಎಳೆಯಿತು. 1937ರ ಅಕ್ಟೋಬರ್ 29ರ ಒಂದೇ ರಾತ್ರಿ ಮಿನ್ಸ್ಕ್‌ನಲ್ಲಿ ನೂರಕ್ಕೂ ಹೆಚ್ಚು ಲೇಖಕರು, ವಿದ್ವಾಂಸರು, ಅಧಿಕಾರಿಗಳನ್ನು ಗುಂಡಿಟ್ಟು ಕೊಂದರು. ಮರುವರ್ಷ ವ್ಯಾಕರಣಕಾರನ ಸರದಿ. ಅವನ ಹಳೆಯ ಕಾಗುಣಿತ ಹೊರದೇಶಗಳಲ್ಲಿ ನೆಲೆಸಿದವರ ನಡುವೆ ಉಳಿದುಕೊಂಡಿತು.

1990ರಲ್ಲಿ ಬೆಲಾರೂಸಿಯನ್ ಏಕೈಕ ರಾಜ್ಯಭಾಷೆಯಾಯಿತು. 1995ರ ಜನಮತಗಣನೆ ರಷ್ಯನ್‌ಗೂ ಸಮಾನ ಸ್ಥಾನ ಕೊಟ್ಟಿತು. ಸಮಾನ ಎಂಬುದು ಕಾಗದದ ಮಾತು: 2019ರ ಜನಗಣತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೆಲಾರೂಸಿಯನ್ ತಮ್ಮ ಮಾತೃಭಾಷೆ ಎಂದರು, ಮನೆಯಲ್ಲಿ ಆಡುತ್ತೇವೆ ಎಂದವರು ಸುಮಾರು ಕಾಲುಭಾಗ. ಎರಡೂ ಭಾಷೆ ಬೆರೆಸಿ ಆಡುವವರೂ ಬಹಳ.

2022ರ ಮೇ ತಿಂಗಳಲ್ಲಿ ಮಿನ್ಸ್ಕ್‌ನಲ್ಲಿ ಪ್ರಕಾಶಕ ಆಂದ್ರೇಯ್ ಯಾನುಷ್ಕೆವಿಚ್ ಬೆಲಾರೂಸಿಯನ್ ಪುಸ್ತಕದಂಗಡಿಯೊಂದನ್ನು ತೆರೆದರು. ಬಾಗಿಲು ತೆರೆದ ದಿನವೇ ಪೊಲೀಸರು ಬಂದು ಪುಸ್ತಕಗಳನ್ನು ಹೊತ್ತೊಯ್ದರು, ಯಾನುಷ್ಕೆವಿಚ್‌ರನ್ನೂ ಬಂಧಿಸಿದರು. ಮುಂದೆ ಪರವಾನಗಿಯೂ ರದ್ದಾಯಿತು. ‘ಹ್ಯಾರಿ ಪಾಟರ್’ನ ಬೆಲಾರೂಸಿಯನ್ ಅನುವಾದ ತಂದಿದ್ದ ಆ ಪ್ರಕಾಶನ ಈಗ ಪೋಲೆಂಡ್‌ನಿಂದ ಪುಸ್ತಕ ಹೊರತರುತ್ತಿದೆ.