ಸಿಹಿನೀರಿನ ಆಳದ ವಿದ್ಯೆ

ಕುರುಕ್ಷೇತ್ರದ ಕೊನೆಯ ದಿನ ದುರ್ಯೋಧನನು ಜಲಸ್ತಂಭನ ವಿದ್ಯೆಯನ್ನು ನೆಚ್ಚಿ ವೈಶಂಪಾಯನ ಸರೋವರದ ತಳದಲ್ಲಿ ಅಡಗಿ ಕುಳಿತ ಕಥೆಯನ್ನು ರನ್ನನ ಗದಾಯುದ್ಧದಲ್ಲಿ ಓದಿದ, ಇಲ್ಲವೆ ಬಯಲಾಟದಲ್ಲಿ ಕಂಡ ಕನ್ನಡಿಗನು ಮರೆಯಲಾರನು. ನೀರಿನೊಳಗೆ ಮನುಷ್ಯನು ಉಸಿರಾಡಿಕೊಂಡಿರುವುದು ಅಂದಿಗೆ ಮಂತ್ರಬಲದ ಮಾತಾಗಿತ್ತು. ಇಂದು ಅದು ಬೆನ್ನಿಗೆ ಕಟ್ಟಿದ ಗಾಳಿಯ ಸಿಲಿಂಡರಿನ, ಬಾಯಲ್ಲಿ ಕಚ್ಚಿದ ನಳಿಗೆಯ, ಎಲ್ಲಕ್ಕಿಂತ ಹೆಚ್ಚಾಗಿ ಶಿಸ್ತಿನ ಮಾತಾಗಿದೆ. ಸ್ಕೂಬಾ ಎಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಸಮುದ್ರ, ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪ, ಅಲ್ಲಿಯ ಬಣ್ಣದ ಮೀನುಗಳು. ಆದರೆ ಸರೋವರ, ನದಿ, ನೀರು ತುಂಬಿದ ಗವಿ, ಇವುಗಳಲ್ಲಿ ವಿನೋದಕ್ಕಾಗಿ ಮುಳುಗುವವರು ಜಗತ್ತಿನಲ್ಲಿ ಬಹಳ ಮಂದಿ ಇರುವರು. ಇದು ಕೇವಲ ಹೊತ್ತು ಕಳೆಯುವ ಆಟವೆಂದು ಅಲಕ್ಷ್ಯ ಮಾಡತಕ್ಕದ್ದಲ್ಲ. ಆಟವಾಗಿ ಬೆಳೆದ ವಿದ್ಯೆಯೊಂದು ಆಪತ್ಕಾಲದಲ್ಲಿ ಸರ್ಕಾರದ ಬಲವೂ ಮಾಡಲಾಗದುದನ್ನು ಮಾಡಿ ತೋರಿಸಿದ ಉದಾಹರಣೆಯು ನಮ್ಮ ಕಣ್ಣ ಮುಂದಿದೆ. ಆದುದರಿಂದ ಈ ವಿಷಯವಾಗಿ ವಾಚಕರ ಮುಂದೆ ನಾಲ್ಕು ಮಾತುಗಳನ್ನು ಇಡಲು ಬಯಸುತ್ತೇವೆ.

ಈ ವಿದ್ಯೆಯು ಸಮುದ್ರಕ್ಕೆ ಮಾತ್ರ ಸೇರಿದುದೆಂದು ತಿಳಿಯುವುದು ಸರಿಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ತೊ, ಇಂಜಿನಿಯರ್ ಎಮಿಲ್ ಗಾನ್ಯಾಂ ಎಂಬಿಬ್ಬರು, ಪೆಟ್ರೋಲಿನ ಅಭಾವದಲ್ಲಿ ಮೋಟಾರುಗಳಿಗೆ ಅನಿಲವನ್ನು ಉಣಿಸುತ್ತಿದ್ದ ಕವಾಟವೊಂದನ್ನು ತಿದ್ದಿ, ಮುಳುಗಿದವನು ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿಯನ್ನು ಕೊಡುವ ಉಪಕರಣವನ್ನು ನಿರ್ಮಿಸಿದರು. 1943ರಲ್ಲಿ ಅದರ ಮೊದಲ ಪರೀಕ್ಷೆಯು ನಡೆದುದು ಪ್ಯಾರಿಸಿನ ಬಳಿಯ ಮಾರ್ನ್ ನದಿಯಲ್ಲಿ. ಅಡ್ಡಲಾಗಿ ಈಜಿದಾಗ ಸರಿಯಾಗಿದ್ದ ಉಪಕರಣವು ನೆಟ್ಟಗೆ ನಿಂತೊಡನೆ ಗಾಳಿಯನ್ನು ವ್ಯರ್ಥವಾಗಿ ಚೆಲ್ಲಿತು. ಉಸಿರು ಹೊರಬೀಳುವ ದ್ವಾರವನ್ನು ಕವಾಟದ ಮಟ್ಟಕ್ಕೆ ತಂದ ಮೇಲೆ ದೋಷವು ಕಳೆಯಿತು. ಇದೇ ಕೂಸ್ತೊ ಸಂಗಡಿಗ ದ್ಯೂಮಾನೊಡನೆ 1946ರಲ್ಲಿ ವೊಕ್ಲೂಸ್ ಎಂಬಲ್ಲಿಯ ಆಳವಾದ ಚಿಲುಮೆಯಲ್ಲಿ ಇಳಿದು, ಬುದ್ಧಿ ಮಂಕಾಗಿ, ಸಾವಿನ ಬಾಗಿಲಿನಿಂದ ಹಿಂದಿರುಗಿದನು. ಸಿಲಿಂಡರಿಗೆ ಗಾಳಿ ತುಂಬಿದ ಯಂತ್ರವು ತನ್ನ ಹೊಗೆಯ ವಿಷಾನಿಲವನ್ನೇ ಒಳಗೆ ಸೇರಿಸಿತ್ತೆಂಬುದು ಆಮೇಲೆ ತಿಳಿಯಿತು. ಹೀಗೆ ಈ ವಿದ್ಯೆಯ ಮೊದಲ ಪಾಠವನ್ನೂ ಅತ್ಯಂತ ಕಠಿಣವಾದ ಪಾಠವನ್ನೂ ಸಿಹಿನೀರೇ ಕಲಿಸಿತು.

ಸಿಹಿನೀರಿನ ಗುಣವೇ ಬೇರೆ. ಉಪ್ಪುನೀರು ಅದಕ್ಕಿಂತ ನೂರಕ್ಕೆ ಎರಡೂವರೆ ಪಾಲು ಹೆಚ್ಚು ತೂಕವುಳ್ಳದ್ದು. ಸಲಕರಣೆಗಳೊಂದಿಗೆ 100 ಕಿಲೋ ತೂಗುವವನು ಸಮುದ್ರದಲ್ಲಿ ಕಟ್ಟಿಕೊಂಡ ಸೀಸದ ತೂಕದಲ್ಲಿ ಸುಮಾರು ಎರಡೂವರೆ ಕಿಲೋ ಕಡಿಮೆ ಮಾಡದೆ ಕೆರೆಗಿಳಿದರೆ ಕಲ್ಲಿನಂತೆ ತಳವನ್ನು ಸೇರುವನು. ತಳದಲ್ಲಿರುವುದು ಮರಳಲ್ಲ, ಹೂಳು. ಕಾಲನ್ನು ಒಮ್ಮೆ ಅಜಾಗ್ರತೆಯಿಂದ ಬಡಿದರೆ ಸಾಕು, ತಿಳಿನೀರು ರಾಡಿಯಾಗಿ ತನ್ನ ಕೈ ತನಗೆ ಕಾಣದಂತಾಗುತ್ತದೆ. ನದಿಯಲ್ಲಿ ಸೆಳವು, ಮುಳುಗಿದ ಮರದ ಕೊಂಬೆ, ಹರಿದುಹೋದ ಮೀನುಬಲೆ. ಒಡ್ಡುಗಳ ಬುಡದಲ್ಲಿ ಬಿದ್ದವನನ್ನು ಮತ್ತೆ ಮತ್ತೆ ಒಳಕ್ಕೆ ಎಳೆಯುವ ಸುಳಿ. ಸಮುದ್ರ ಮಟ್ಟದಿಂದ ಸುಮಾರು 300 ಮೀಟರಿಗೆ ಮೇಲ್ಪಟ್ಟ ಎತ್ತರದಲ್ಲಿ ವಾಯುಭಾರವು ಕಡಿಮೆಯಾದ ಕಾರಣ, ಎಷ್ಟು ಆಳಕ್ಕೆ ಎಷ್ಟು ಹೊತ್ತು ಇರಬಹುದೆಂಬ ಲೆಕ್ಕವೂ ಬದಲಾಗುತ್ತದೆ. ಲೆಕ್ಕ ತಪ್ಪಿದವನ ರಕ್ತದಲ್ಲಿ ಸಾರಜನಕವು ಗುಳ್ಳೆಗಟ್ಟಿ ಸಂಧಿವೇದನೆಯಿಂದ ಹಿಡಿದು ಪಾರ್ಶ್ವವಾಯುವಿನ ವರೆಗೆ ಏನೂ ಸಂಭವಿಸಬಹುದು. ಬೆಂಗಳೂರು ಸುಮಾರು 900 ಮೀಟರು ಎತ್ತರದಲ್ಲಿದೆಯೆಂಬುದನ್ನು ನೆನೆದರೆ, ಈ ನಿಯಮವು ನಮ್ಮ ಮೈದಾನದ ಕೆರೆಗಳಿಗೂ ಅನ್ವಯಿಸುವುದೆಂದು ಬೇರೆ ಹೇಳಬೇಕಾದುದಿಲ್ಲ. ನೇತ್ರಾಣಿಯಲ್ಲಿ ಮುಳುಗೆದ್ದು ಅದೇ ದಿನವೇ ಅವಸರದಿಂದ ಘಟ್ಟವನ್ನು ಹತ್ತುವವರೂ ಇದನ್ನು ಗಮನಿಸತಕ್ಕದ್ದು.

ಇಷ್ಟು ಕಷ್ಟವಿದ್ದರೂ ಜನರು ಏಕೆ ಇಳಿಯುವರು? ಐಸ್‌ಲೆಂಡಿನ ಥಿಂಗ್ವೆಟ್ಲಿರ್‌ನಲ್ಲಿ ಸಿಲ್ಫ್ರಾ ಎಂಬ ಬಿರುಕೊಂದಿದೆ. ಅಮೆರಿಕ ಮತ್ತು ಯುರೇಷ್ಯಗಳ ಭೂಫಲಕಗಳು ಅಗಲುವಲ್ಲಿ ಉಂಟಾದ ಆ ಬಿರುಕಿಗೆ, ಹಿಮನದಿಯ ನೀರು ಲಾವಾ ಬಂಡೆಗಳಲ್ಲಿ ಹತ್ತಾರು ವರ್ಷ ಸೋಸಿ ಹರಿದುಬರುತ್ತದೆ. ಮೈ ಮರಗಟ್ಟಿಸುವ ಆ ನೀರಿನಲ್ಲಿ ನೂರು ಮೀಟರಿನಾಚೆಗೂ ಕಣ್ಣು ಹಾಯುವುದು. ಉತ್ತರ ಅಮೆರಿಕದ ಮಹಾಸರೋವರಗಳ ತಣ್ಣೀರಿನಲ್ಲಿ, ಮರವನ್ನು ಕೊರೆಯುವ ಸಮುದ್ರದ ಹುಳುವಿಲ್ಲದ ಕಾರಣ, ಹತ್ತೊಂಬತ್ತನೆಯ ಶತಮಾನದ ಮರದ ಹಡಗುಗಳು ಇಂದಿಗೂ ರೂಪಗೆಡದೆ ನಿಂತಿವೆ. ಆಸ್ಟ್ರಿಯದ ಗ್ರೂನರ್ ಜೇ ಎಂಬ ಸರೋವರವು ವಸಂತದಲ್ಲಿ ಹಿಮ ಕರಗಿದಾಗ ಉಕ್ಕಿ, ಬದಿಯ ಹುಲ್ಲುಗಾವಲು, ಕಾಲುಸೇತುವೆ, ಕುಳಿತುಕೊಳ್ಳುವ ಬೆಂಚುಗಳೆಲ್ಲ ಹಸುರು ನೀರಿನಡಿಯಲ್ಲಿ ಇರುತ್ತಿದ್ದುವು. ಅದನ್ನು ನೋಡಲು ಬಂದ ಮುಳುಗುಗಾರರ ದಟ್ಟಣೆಯಿಂದ ಸರೋವರವೇ ಕೆಡುವಂತಾಗಲು, 2016ರಿಂದ ಅಲ್ಲಿ ಮುಳುಗುವುದನ್ನು ನಿಷೇಧಿಸಲಾಯಿತು. ಸಮುದ್ರವು ತಾಳಿಕೊಳ್ಳುವುದನ್ನು ಸಣ್ಣ ಸರೋವರವು ತಾಳಲಾರದು.

ಆದರೆ ಸೌಂದರ್ಯವನ್ನು ಬಯಸದೆ ಕತ್ತಲನ್ನೂ ಕೆಸರನ್ನೂ ಬಯಸಿ ಇಳಿದವರ ಕಥೆಯು ಇನ್ನೂ ಸ್ವಾರಸ್ಯವಾದುದು. ಇಂಗ್ಲೆಂಡಿನ ಮೆಂಡಿಪ್ ಬೆಟ್ಟಗಳ ಸುಣ್ಣಕಲ್ಲಿನಲ್ಲಿ ನೀರು ಕೊರೆದ ಗವಿಗಳುಂಟು. ಒಳಕ್ಕೆ ಹೋದಂತೆ ಚಾವಣಿಯು ತಗ್ಗಿ ನೀರಿನಲ್ಲಿ ಮುಳುಗಿಬಿಡುವುದು. ಮುಂದೆ ದಾರಿಯಿರಬೇಕಾದರೆ ಅದು ನೀರಿನೊಳಗಿಂದಲೇ. ಅಂಚೆ ಇಲಾಖೆಯ ಇಂಜಿನಿಯರ್ ಗ್ರಹಾಂ ಬಾಲ್ಕೂಂಬ್ ಎಂಬವನು 1934ರಲ್ಲಿ ಬೈಸಿಕಲ್ಲಿನ ಭಾಗಗಳನ್ನು ಜೋಡಿಸಿ ಮನೆಯಲ್ಲಿಯೇ ಉಸಿರಾಟದ ಉಪಕರಣವನ್ನು ಕಟ್ಟಿಕೊಂಡು ಅಂತಹ ದಾರಿಯನ್ನು ಹುಡುಕಿ ಸೋತನು. ಮರುವರ್ಷ ಅವನೂ ಪೆನೆಲೋಪಿ ಪವೆಲ್ ಎಂಬ ಮಹಿಳೆಯೂ ಇತರ ಸಂಗಡಿಗರೂ ತಾಮ್ರದ ಶಿರಸ್ತ್ರಾಣವನ್ನು ಧರಿಸಿ, ವೂಕಿ ಹೋಲ್ ಗವಿಯಲ್ಲಿ ಆಕ್ಸ್ ನದಿಯ ಒಡಲನ್ನು ಹೊಕ್ಕರು. 1946ರಲ್ಲಿ ಬಾಲ್ಕೂಂಬನು ಸ್ಥಾಪಿಸಿದ ಗವಿ ಮುಳುಗುಗಾರರ ಸಂಘವು ಇಂದಿಗೂ ನಡೆದುಬಂದಿದೆ. ಇವರು ವೇತನಕ್ಕಾಗಿ ಇಳಿದವರಲ್ಲ; ರಜಾದಿನಗಳಲ್ಲಿ ಸ್ವಂತ ಖರ್ಚಿನಿಂದ ಇಳಿದವರು. ಇಕ್ಕಟ್ಟಿನಲ್ಲಿ ನುಸುಳುವುದಕ್ಕಾಗಿ ಸಿಲಿಂಡರನ್ನು ಬೆನ್ನಿನಿಂದ ಪಕ್ಕೆಗೆ ತಂದುದು, ಹೋದ ದಾರಿಗೆ ಹಗ್ಗ ಕಟ್ಟುತ್ತ ಹೋಗಿ ಅದನ್ನು ಸವರಿಕೊಂಡೇ ಹಿಂದಿರುಗುವುದು, ಇಂತಹ ಪದ್ಧತಿಗಳು ಈ ಬಗೆಯ ಗವಿಗಳಲ್ಲಿಯೇ ಮೈಗೂಡಿದುವು.

ಅಮೆರಿಕದ ಫ್ಲಾರಿಡಾದಲ್ಲಿ ಶೆಕ್ ಎಕ್ಸ್ಲಿ ಎಂಬ ಶಿಕ್ಷಕನು ಚಿಲುಮೆಗವಿಗಳಲ್ಲಿ ಸತ್ತವರ ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿ, 1979ರಲ್ಲಿ ಒಂದು ಕೈಪಿಡಿಯನ್ನು ಬರೆದನು. ದಾರಿಯ ಹಗ್ಗವನ್ನು ಬಿಟ್ಟವರು, ಮೂರರಲ್ಲಿ ಎರಡು ಪಾಲು ಗಾಳಿಯನ್ನು ಹಿಂದಿರುಗುವುದಕ್ಕೆ ಕಾದಿರಿಸದವರು, ಮಿತಿ ಮೀರಿ ಆಳಕ್ಕೆ ಹೋದವರು, ಸತ್ತವರಲ್ಲಿ ಹೆಚ್ಚಿನವರು ಇವರೇ ಎಂದು ಆತನು ಕಂಡನು. ಆ ಎಕ್ಸ್ಲಿಯೇ 1994ರಲ್ಲಿ ಮೆಕ್ಸಿಕೋದ ಜಕಟೋನ್ ಎಂಬ ಮಡುವಿನಲ್ಲಿ ಆಳದ ದಾಖಲೆಗಾಗಿ ಇಳಿದು ಹಿಂದಿರುಗಲಿಲ್ಲ. ಬಲ್ಲವನನ್ನೂ ನೀರು ಬಿಡುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಹವ್ಯಾಸಿಗಳ ವಿದ್ಯೆಯು ಒರೆಗೆ ಹತ್ತಿದುದು 2018ರಲ್ಲಿ. ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗವಿಯನ್ನು ಹೊಕ್ಕ ಹನ್ನೆರಡು ಮಂದಿ ಬಾಲಕರೂ ಅವರ ಫುಟ್‌ಬಾಲ್ ತಂಡದ ತರುಣ ತರಬೇತುಗಾರನೂ ಮಳೆಯ ನೀರು ನುಗ್ಗಿ ಒಳಗೆ ಸಿಕ್ಕಿಬಿದ್ದರು. ಥಾಯ್ ನೌಕಾದಳದ ವೀರರು ಸಮುದ್ರದಲ್ಲಿ ನುರಿತವರು. ಅವರ ಧೈರ್ಯವು ಪ್ರಶ್ನಾತೀತವಾದುದು. ಆದರೆ ಮಣ್ಣುನೀರು ರಭಸದಿಂದ ಹರಿಯುವ, ಮೇಲೆ ಬಂಡೆಯೇ ಮುಚ್ಚಿರುವ ಆ ಸುರಂಗವು ಅವರಿಗೆ ಅಪರಿಚಿತವಾದ ರಣಭೂಮಿಯಾಗಿತ್ತು. ಜುಲೈ 2ರಂದು ಬಾಲಕರನ್ನು ಕಂಡುಹಿಡಿದವರು ಇಬ್ಬರು ಆಂಗ್ಲರು: ನಿವೃತ್ತ ಅಗ್ನಿಶಾಮಕ ರಿಕ್ ಸ್ಟ್ಯಾಂಟನ್, ಕಂಪ್ಯೂಟರ್ ಕೆಲಸದ ಜಾನ್ ವೊಲಾಂಥನ್. ಹಗ್ಗವನ್ನು ಕಟ್ಟುತ್ತ ಸಾಗಿ, ನೀರಿನಿಂದ ತಲೆಯೆತ್ತಿದಾಗ ಮೊದಲು ವಾಸನೆಯಿಂದಲೇ ಅವರು ಬಾಲಕರ ಸುಳಿವನ್ನು ಹಿಡಿದರು. ಜುಲೈ 6ರಂದು, ಗಾಳಿಯ ಸಿಲಿಂಡರುಗಳನ್ನು ಒಳಗೆ ಇರಿಸಿ ಹಿಂದಿರುಗುತ್ತಿದ್ದ ಥಾಯ್ ನೌಕಾದಳದ ಮಾಜಿ ಸೈನಿಕ ಸಮನ್ ಕುನಾನ್ ಪ್ರಾಣವನ್ನು ಅರ್ಪಿಸಿದನು. ಕಡೆಗೆ ಆಸ್ಟ್ರೇಲಿಯದ ಅರಿವಳಿಕೆ ವೈದ್ಯ ರಿಚರ್ಡ್ ಹ್ಯಾರಿಸ್ ಬಾಲಕರಿಗೆ ಔಷಧದಿಂದ ಪ್ರಜ್ಞೆ ತಪ್ಪಿಸಿದನು. ಮುಖವೆಲ್ಲವನ್ನೂ ಮುಚ್ಚುವ ಗಾಳಿಯ ಮುಸುಕನ್ನು ತೊಡಿಸಿ, ಒಬ್ಬೊಬ್ಬ ಬಾಲಕನನ್ನು ಒಬ್ಬೊಬ್ಬ ಮುಳುಗುಗಾರನು ಮೂಟೆಯಂತೆ ಹೊತ್ತು, ಜುಲೈ 8ರಿಂದ 10ರ ವರೆಗೆ ಮೂರು ದಿನಗಳಲ್ಲಿ ಹದಿಮೂರು ಜನರನ್ನೂ ಜೀವಸಹಿತ ಹೊರಗೆ ತಂದರು. ಹ್ಯಾರಿಸನೂ ಗವಿ ಮುಳುಗುವ ಹವ್ಯಾಸಿಯೇ. ವೈದ್ಯವೂ ಹವ್ಯಾಸವೂ ಒಬ್ಬನಲ್ಲಿಯೇ ಕೂಡಿರದಿದ್ದರೆ ಆ ಉಪಾಯವು ಯಾರಿಗೆ ಸಾಧ್ಯವಾಗುತ್ತಿತ್ತು? ನಾಲ್ವತ್ತು ವರ್ಷ ಮೆಂಡಿಪ್‌ನಂತಹ ಗವಿಗಳ ಕೆಸರಿನಲ್ಲಿ ಆಡುತ್ತಿದ್ದವರನ್ನು ನೋಡಿ ನಕ್ಕವರೂ ಇದ್ದಿರಬಹುದು. ಆ ಆಟದ ಫಲವೇ ಹದಿಮೂರು ಜೀವ.

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಕನ್ನಡ ನಾಡಿನಲ್ಲಿ ನೀರಿನ ವಿದ್ಯೆಯು ಇರಲೇ ಇಲ್ಲವೆಂದಲ್ಲ. ಬಾವಿಗೆ ಬಿದ್ದ ಕೊಡವು ಪಾತಾಳಗರಡಿಗೆ ಸಿಕ್ಕದಿದ್ದರೆ ಉಸಿರು ಕಟ್ಟಿ ಮುಳುಗಿ ತರುವ ಗಟ್ಟಿಗರು ಊರೂರಲ್ಲಿ ಇದ್ದರು. ಹೊಳೆಯಲ್ಲಿ ಮುಳುಗಿದವರ ಶವವನ್ನು ಹುಡುಕಿ ತರುವ ಬೆಸ್ತರು, ಅಂಬಿಗರು ಇಂದಿಗೂ ಇದ್ದಾರೆ. ಆದರೆ ಇದು ಒಬ್ಬೊಬ್ಬನ ಎದೆಗಾರಿಕೆಯಾಗಿ ಉಳಿಯಿತೇ ಹೊರತು ಕಲಿತು ಕಲಿಸುವ ಶಾಸ್ತ್ರವಾಗಿ ಬೆಳೆಯಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು, ಹೆದ್ದಾರಿಯ ಬದಿಯ ಚಹದಂಗಡಿಯೂ ನಿಂತಿದ್ದ ವಾಹನಗಳೂ ಜನರೂ ಮಣ್ಣಿನೊಡನೆ ಗಂಗಾವಳಿಯ ಪಾಲಾದುದನ್ನು ನಾಡು ಮರೆತಿಲ್ಲ. ನೌಕಾದಳದವರು ಬಂದರು, ಉಡುಪಿಯ ಕಡೆಯ ಮುಳುಗುಗಾರರು ತಾವಾಗಿಯೇ ಬಂದು ಹೊಳೆಗಿಳಿದರು. ತುಂಬಿದ ಹೊಳೆಯ ಸೆಳವು, ಕಣ್ಣು ಕಾಣದ ಕೆಸರು ಯಾರಿಗೂ ಎಡೆಗೊಡಲಿಲ್ಲ. ಕೇರಳದ ಲಾರಿಯೊಂದು, ಅದರ ಚಾಲಕನ ದೇಹದೊಂದಿಗೆ, ಹೊರಗೆ ಬಂದುದು ನೀರಿಳಿದು ಹೂಳೆತ್ತುವ ನೌಕೆ ಬಂದ ಬಳಿಕ, ಸೆಪ್ಟೆಂಬರ್ 25ರಂದು. ಅಂತಹ ಪ್ರವಾಹದಲ್ಲಿ ಇಳಿಯಬಾರದೆಂದು ನಿರ್ಧರಿಸುವುದೂ ವಿದ್ಯೆಯ ಒಂದು ಅಂಗವೇ. ಅದಕ್ಕಾಗಿ ಯಾರನ್ನೂ ದೂಷಿಸಲಾಗದು. ಆದರೆ ಕೆಸರುನೀರಿನಲ್ಲಿ ಕೈಯ ಸ್ಪರ್ಶದಿಂದಲೇ ಹುಡುಕುವ, ಹಗ್ಗದ ಸಂಜ್ಞೆಯಿಂದಲೇ ಮಾತಾಡುವ ಅಭ್ಯಾಸವುಳ್ಳವರು ಪ್ರತಿಯೊಂದು ಹೊಳೆಯ ದಂಡೆಯಲ್ಲಿಯೂ ಹತ್ತು ಜನ ಇರಬೇಕೆಂಬುದನ್ನು ಅಲ್ಲಗಳೆಯುವವರಾರು?

ಅಂತಹವರು ಆಪತ್ತು ಬಂದ ದಿನ ಆಜ್ಞೆಯಿಂದ ಹುಟ್ಟಲಾರರು. ಶಾಂತಿಕಾಲದ ವಿನೋದದಲ್ಲಿಯೇ ಅವರು ತಯಾರಾಗಬೇಕು. ಹಾಗೆಂದು ತರುಣರು ಸಿಲಿಂಡರನ್ನು ಬಾಡಿಗೆಗೆ ತಂದು ಸಿಕ್ಕಿದ ಮಡುವಿಗೆ ಹಾರಬೇಕೆಂದು ನಾವು ಎಂದಿಗೂ ಹೇಳುವವರಲ್ಲ. ಮೊದಲು ಈಜು, ಆಮೇಲೆ ಬಲ್ಲ ಗುರುವಿನ ಕೈಕೆಳಗೆ ಕೊಳದಲ್ಲಿ ಅಭ್ಯಾಸ, ಆಮೇಲೆ ಸೆಳವಿಲ್ಲದ ತಿಳಿನೀರು, ಒಬ್ಬಂಟಿಯಾಗಿ ಎಂದೂ ಇಳಿಯದಿರುವುದು, ತಲೆಯ ಮೇಲೆ ಬಂಡೆಯಿರುವಲ್ಲಿಗೆ ವಿಶೇಷ ಶಿಕ್ಷಣವಿಲ್ಲದೆ ಕಾಲಿಡದಿರುವುದು. ಸರ್ಕಾರವೂ ವ್ಯಾಯಾಮ ಸಂಘಗಳೂ ಜಿಲ್ಲೆಗೊಂದರಂತೆ ಶಿಕ್ಷಣದ ಏರ್ಪಾಡನ್ನು ಮಾಡುವುದು ಅಸಾಧ್ಯವಾದ ಕೆಲಸವೇನೂ ಅಲ್ಲ. ಪರಂಪರೆಯಿಂದ ಹೊಳೆಯನ್ನು ಬಲ್ಲ ಅಂಬಿಗರ ಮಕ್ಕಳಿಗೆ ಅದರಲ್ಲಿ ಅಗ್ರಸ್ಥಾನ ಸಲ್ಲತಕ್ಕದ್ದು. ಅವರ ಅನುಭವಕ್ಕೆ ಶಾಸ್ತ್ರದ ಜೊತೆ ದೊರೆತರೆ ನಾಡಿಗೆ ಅಂತಹ ಬಲ ಮತ್ತೊಂದಿಲ್ಲ.

ಇದರಿಂದ ಇನ್ನೊಂದು ಪ್ರಯೋಜನವೂ ಉಂಟು. ದಂಡೆಯ ಮೇಲೆ ನಿಂತವನಿಗೆ ಕೆರೆಯ ಮೇಲ್ಮೈ ಮಾತ್ರ ಕಾಣುವುದು; ಚರಂಡಿಯ ನೀರೂ ಕಸವೂ ಅದರ ತಳವನ್ನು ಏನು ಮಾಡಿವೆಯೆಂಬುದನ್ನು ಮುಳುಗಿದವನು ಕಣ್ಣಾರೆ ನೋಡಿ ಬರುವನು. ತರುಣರು ಮುಳುಗಿ ಆಡಲು ಯೋಗ್ಯವಾದಷ್ಟು ತಿಳಿಯಾದ ನೀರು ನಮ್ಮ ಎಷ್ಟು ಕೆರೆಗಳಲ್ಲಿ ಉಳಿದಿದೆ? ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವೆಲ್ಲರೂ. ಕೆರೆಗಳನ್ನು ಕಟ್ಟಿಸುವುದನ್ನು ಪುಣ್ಯವೆಂದು ಶಾಸನಗಳಲ್ಲಿ ಕೆತ್ತಿಸಿದ ಜನರ ವಂಶದವರಿಗೆ, ಆ ನೀರಿನೊಳಗೆ ಇಳಿಯುವ ವಿದ್ಯೆಯೂ ಅದನ್ನು ತಿಳಿಯಾಗಿ ಕಾಯುವ ಹೊಣೆಯೂ ಒಟ್ಟಿಗೆ ಬರಲೆಂದು ಹಾರೈಸುತ್ತೇವೆ.