ಮನೆಮಂದಿಯ ಫೋಟೋದಲ್ಲಿ ಮೋತಿಗೆ ಜಾಗವುಂಟೇ?

ಕಚೇರಿಯಲ್ಲಿ ನನ್ನ ಮೇಜಿನ ಮೇಲೆ ಬಂದು ಬೀಳುವ ಅರ್ಜಿಗಳಲ್ಲಿ "ಕುಟುಂಬದ ಸದಸ್ಯರ ವಿವರ" ಎಂಬ ಒಂದು ಕೋಷ್ಟಕವಿರುತ್ತದೆ. ಹೆಸರು, ವಯಸ್ಸು, ಅರ್ಜಿದಾರರೊಡನೆ ಸಂಬಂಧ, ಇಷ್ಟು ತುಂಬಿದರೆ ಮನೆಯ ಲೆಕ್ಕ ಮುಗಿಯಿತು. ಬಾಗಿಲಲ್ಲಿ ಕಾವಲು ಕೂತ ನಾಯಿಗಾಗಲಿ, ಅಡಿಗೆಮನೆಯ ಮೂಲೆಯಲ್ಲಿ ಮಲಗಿದ ಬೆಕ್ಕಿಗಾಗಲಿ ಅದರಲ್ಲಿ ಸಾಲಿಲ್ಲ. ಸಾಕುನಾಯಿಗೆ ಪುಣೆಯ ಮಹಾನಗರಪಾಲಿಕೆ ಬೇರೆಯೇ ಪರವಾನಗಿ ಕೊಡುತ್ತದೆ. ಆ ಮಾತು ಬೇರೆ. ಸರಕಾರದ ಕಾಗದ ಹಾಗಿರಬೇಕಾದದ್ದೇ, ನನ್ನ ದೂರಿಲ್ಲ. ಆದರೆ ಮನೆಯವರೆಲ್ಲ ಕೂಡಿ ತೆಗೆಸಿಕೊಳ್ಳುವ ಫೋಟೋ ಸರಕಾರದ ಕಾಗದವಲ್ಲವಷ್ಟೆ? ಅದರಲ್ಲಿ ಯಾರಿರಬೇಕು, ಯಾರನ್ನು ಬಿಡಬೇಕು ಎಂಬುದನ್ನು ನಾವೇ ಗೊತ್ತುಮಾಡುತ್ತೇವೆ. ಹಾಗೆ ಗೊತ್ತುಮಾಡುವಾಗ ನಮ್ಮ ಮನೆಯಲ್ಲಿ ಒಮ್ಮೆ ಆದ ತಪ್ಪನ್ನು ವಾಚಕರ ಮುಂದಿಡುವುದಕ್ಕಾಗಿ ಈ ನಾಲ್ಕು ಮಾತು.

1999ರಲ್ಲಿ ಅಜ್ಜನಿಗೆ ಎಪ್ಪತ್ತೈದು ತುಂಬಿತು. ಧಾರವಾಡದ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿ, ಜಮಖಾನೆ ಹಾಸಿ, ಇಪ್ಪತ್ತೆರಡು ಮಂದಿಯನ್ನು ಕೂಡಿಸಿದ್ದಾಯಿತು. ಫೋಟೋದವರು ಮುಕ್ಕಾಲಿಯ ಮೇಲೆ ಕ್ಯಾಮರಾ ಇಟ್ಟು "ರೆಡಿ" ಎನ್ನುವಷ್ಟರಲ್ಲಿ ನಮ್ಮ ಮೋತಿ ಬಾಲ ಅಲ್ಲಾಡಿಸುತ್ತ ಅಜ್ಜನ ಕಾಲ ಬಳಿ ಬಂದು ನಿಲ್ಲುತ್ತಿತ್ತು. ಎರಡು ಸಲ ಅಟ್ಟಿದರು, ಎರಡು ಸಲವೂ ಬಂದಿತು. ರೀಲಿನಲ್ಲಿ ಉಳಿದದ್ದು ಮೂರೋ ನಾಲ್ಕೋ ಫೋಟೋ. ಅಪ್ಪನಿಗೆ ಸಿಟ್ಟು ಬಂದು, "ಅಕ್ಕಾ, ಇದನ್ನ ಹಿಡಕೊಂಡು ಸ್ವಲ್ಪ ಅತ್ತಾಗ ನಿಂದರು" ಎಂದರು. ನನ್ನ ಸೋದರತ್ತೆ ಎದ್ದುಹೋಗಿ ಮೋತಿಯನ್ನು ಅವಚಿಕೊಂಡು ತುಳಸಿಕಟ್ಟೆಯ ಹಿಂದೆ ಕೂತಳು. ಫೋಟೋ ಚೆನ್ನಾಗಿ ಬಂತು.

ಆ ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮೋತಿಗೆ ಅನ್ನ ಹಾಕುತ್ತಿದ್ದವಳೂ ಅವಳೇ, ನಮ್ಮನ್ನು ಆಡಿಸಿದವಳೂ ಅವಳೇ. 2014ರಲ್ಲಿ ಅವಳು ತೀರಿಕೊಂಡಾಗ ಹದಿಮೂರನೆಯ ದಿನಕ್ಕೆ ಇಡಲು ಒಂದು ಫೋಟೋ ಬೇಕೆಂದು ಮನೆಯನ್ನೆಲ್ಲ ಜಾಲಾಡಿದೆವು. ಮತದಾರರ ಚೀಟಿಯಲ್ಲಿದ್ದ ಅಂಚೆಚೀಟಿಯಷ್ಟು ಮುಖ ಬಿಟ್ಟರೆ ಬೇರೆ ಸಿಗಲಿಲ್ಲ. ಅದನ್ನೇ ದೊಡ್ಡದು ಮಾಡಿಸಿದರೆ ಯಾರದೋ ಮುಖದಂತೆ ಕಂಡಿತು. ಆ ರಾತ್ರಿ ಹಳೆಯ ಗುಂಪು ಫೋಟೋವನ್ನು ಹಿಡಿದು ನೋಡಿದೆ. ಎಡದ ತುದಿಯಲ್ಲಿ, ತುಳಸಿಕಟ್ಟೆಯ ಮರೆಯಿಂದ, ಬಿಳಿಯ ಬಾಲದ ತುದಿಯೂ ಅದರ ಪಕ್ಕದಲ್ಲಿ ನಾಲ್ಕು ಬೆರಳಿನಷ್ಟು ಸೀರೆಯ ಸೆರಗೂ ಇದ್ದವು. ನಾಯಿಯನ್ನು ಹೊರಗಿಟ್ಟೆವೆಂದುಕೊಂಡಿದ್ದೆವು, ಅದನ್ನು ಹಿಡಿದವಳನ್ನೂ ಹೊರಗಿಟ್ಟಿದ್ದೆವು.

ಪ್ರಾಣಿಗಳನ್ನು ಪಟದಲ್ಲಿ ಕೂಡಿಸುವುದು ಸಾಹೇಬರ ಗೀಳು ಎನ್ನುವವರಿದ್ದಾರೆ. ಅಂಥವರು ತಮ್ಮ ದೇವರ ಮನೆಯಲ್ಲೇ ಒಮ್ಮೆ ನೋಡಬೇಕು. ಶಿವನ ಪರಿವಾರದ ಪಟದಲ್ಲಿ ನಂದಿ, ನವಿಲು, ಇಲಿ ಎಲ್ಲವೂ ಉಂಟು. ಪುಣೆಯ ಭಕ್ತರು ಸೊಲ್ಲಾಪುರ ದಾಟಿ ದರ್ಶನಕ್ಕೆ ಹೋಗುವ ಗಾಣಗಾಪುರದ ದತ್ತನನ್ನು ನೆನೆಯಿರಿ. ದತ್ತಾತ್ರೇಯನ ಯಾವ ಪಟವನ್ನು ಕೊಂಡರೂ ಹಿಂದೆ ಹಸು, ಕಾಲ ಬಳಿ ನಾಲ್ಕು ನಾಯಿ. ಆ ನಾಯಿಗಳನ್ನು ನಾಲ್ಕು ವೇದಗಳೆಂದು ಹಿರಿಯರು ಹೇಳುತ್ತಾರೆ. ಭಾರತದ ಕೊನೆಯಲ್ಲಿ ಧರ್ಮರಾಯನೂ ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ.

ಪುರಾಣ ಬೇಡ, ಚರಿತ್ರೆ ಬೇಕೆಂದರೆ ಆತಕೂರಿನ ಶಾಸನವಿದೆ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಇಮ್ಮಡಿ ಬೂತುಗ ಕಾದಿದ. ಚೋಳ ರಾಜಕುಮಾರ ರಾಜಾದಿತ್ಯ ಅಲ್ಲಿ ಮಡಿದ. ಆ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಬೂತುಗ "ಬೇಕಾದ್ದು ಕೇಳು" ಎಂದನಂತೆ. ಆತ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಅರಸನ ಬೇಟೆನಾಯಿ ಕಾಳಿಯನ್ನು ಕೇಳಿದ. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಮಣಲೇರ ಅದರ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿಯ ಕಾಳಗವೇ ಕೊರೆದಿದೆ. ಇಂದು ಅದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆ ಕಲ್ಲಿನಲ್ಲೇ ನಾಯಿಯ ಚಿತ್ರ ತೆಗೆಸಿದ ನಾಡಿನವರು ನಾವು. ಕಾಗದದ ಮೇಲೆ ಏಕೆ ಹಿಂಜರಿಯಬೇಕು?

ಹಿಂಜರಿಕೆಗೆ ಮೊದಲು ಒಂದು ಕಾರಣವಿತ್ತು. 1839ರಲ್ಲಿ ಫ್ರಾನ್ಸಿನಲ್ಲಿ ದಾಗೇರನ ಫೋಟೋ ವಿಧಾನ ಪ್ರಕಟವಾದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೀಳಬೇಕಾಗುತ್ತಿತ್ತು. ಮನುಷ್ಯರ ತಲೆ ಅಲುಗದಂತೆ ಬೆನ್ನ ಹಿಂದೆ ಕಬ್ಬಿಣದ ಆಸರೆ ಕೊಡುತ್ತಿದ್ದರು. ನಾಯಿ ಆ ಆಸರೆಗೆ ಒಗ್ಗೀತೇ? ಕತ್ತು ತಿರುಗಿಸಿತೆಂದರೆ ಮುಖವಿದ್ದಲ್ಲಿ ಮಂಜು ಮಾತ್ರ. ಈಗಿನ ಮೊಬೈಲು ಕ್ಯಾಮರಾ ಕಣ್ಣು ಮಿಟುಕಿಸುವುದರೊಳಗೆ ಹತ್ತು ಚಿತ್ರ ತೆಗೆಯುತ್ತದೆ. ರೀಲಿನ ಖರ್ಚೂ ಇಲ್ಲ. ಕಾರಣ ಹೋಗಿ ರೂಢಿ ಮಾತ್ರ ಉಳಿದಿದೆ.

ಇನ್ನು ನಾನು ಕಲಿತ ಕೆಲವು ಸಂಗತಿಗಳು. ಅಪರಿಚಿತ ಸ್ಟುಡಿಯೋಕ್ಕಿಂತ ಮನೆಯ ಅಂಗಳ, ಗಚ್ಚಿ, ಕಿಟಕಿಯ ಬದಿ ಮೇಲು. ಬೆಳಗಿನ ಅಥವಾ ಇಳಿಹೊತ್ತಿನ ನೆರಳುಬೆಳಕು ಸಾಕು. ಫ್ಲ್ಯಾಶ್ ಬೇಡ, ನಾಯಿ, ಬೆಕ್ಕು, ಹಸುಗಳ ಕಣ್ಣಿನ ಒಳಗೆ ಬೆಳಕನ್ನು ಹಿಂದಕ್ಕೆ ಎಸೆಯುವ ಪೊರೆಯಿರುವುದರಿಂದ ಕಣ್ಣು ದೀಪದಂತೆ ಉರಿಯುತ್ತದೆ. ಕಪ್ಪು ನಾಯಿಯಾದರೆ ತಿಳಿಬಣ್ಣದ ಗೋಡೆಯ ಮುಂದೆ ಕೂಡಿಸಿರಿ, ಇಲ್ಲವಾದರೆ ಕಡುಬಣ್ಣದ ಸೀರೆಯಲ್ಲಿ ಕರಗಿಹೋಗುತ್ತದೆ. ಎಲ್ಲರೂ ನಿಂತು ನಾಯಿಯನ್ನು ಕೆಳಗೆ ಬಿಟ್ಟರೆ ಅದು ಚಪ್ಪಲಿಯಂತೆ ಕಾಣುತ್ತದೆ. ನಾವೇ ಜಮಖಾನೆಯ ಮೇಲೆ ಕೂತು ಕ್ಯಾಮರಾವನ್ನೂ ಅದರ ಕಣ್ಣಿನ ಮಟ್ಟಕ್ಕೆ ಇಳಿಸಬೇಕು. ಮೊದಲು ಒಂದು ಸುತ್ತು ತಿರುಗಾಡಿಸಿ ತಂದರೆ ಅದು ತಾನಾಗಿ ಕೂರುತ್ತದೆ. ಮಕ್ಕಳು ಬಿಗಿಯಾಗಿ ಅಪ್ಪಿಕೊಂಡಾಗ ನಾಯಿ ಮೇಲಿಂದ ಮೇಲೆ ಆಕಳಿಸಿದರೆ, ತುಟಿ ನೆಕ್ಕಿದರೆ, ಮುಖ ತಿರುವಿದರೆ ಅದಕ್ಕೆ ಸಾಕಾಗಿದೆಯೆಂದು ತಿಳಿದು ಬಿಟ್ಟುಬಿಡಬೇಕು. ಬೆಕ್ಕನ್ನು ಎತ್ತಿ ತರಲೇಬೇಡಿರಿ. ಅದು ಕೂತಲ್ಲಿಗೆ ನೀವು ಹೋಗಿರಿ. ಹಳೆಯ ಫೋಟೋಗಳಲ್ಲಿ ಗಿಳಿಯ ಪಂಜರ ಅಂದವಾಗಿ ಕಾಣುತ್ತದೆ, ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ನಾಡಗಿಳಿಯನ್ನು ಸಾಕುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು. ಅನ್ನ ಹಾಕುವವರು ಕ್ಯಾಮರಾದ ಹಿಂದೆ ನಿಂತು ಕರೆದರೆ ನಾಯಿ ನೇರವಾಗಿ ನೋಡುತ್ತದೆಂದು ತಿಳಿದವರು ಹೇಳುತ್ತಾರೆ. ಮಾತು ಸರಿ. ನಾನು ಮಾತ್ರ ಅದನ್ನು ಒಪ್ಪಲಾರೆ. ಅನ್ನ ಹಾಕುವವರು ಫೋಟೋದ ಒಳಗೇ ಇರಲಿ. ನಾಯಿ ಕ್ಯಾಮರಾವನ್ನು ಬಿಟ್ಟು ಅವರ ಮುಖವನ್ನೇ ನೋಡಿದರೆ ನೋಡಲಿ. ಹತ್ತು ಸೆಕೆಂಡಿನ ಟೈಮರ್ ಇಟ್ಟರೆ ಫೋಟೋ ತೆಗೆಯುವವರೂ ಓಡಿಬಂದು ಸೇರಬಹುದು.

ಕಳೆದ ದೀಪಾವಳಿಗೆ ಅವ್ವ ಪುಣೆಗೆ ಬಂದಿದ್ದಳು. ಹಸು-ಕರುವಿಗೆ ಆರತಿ ಎತ್ತುವ ವಸುಬಾರಸದ ದಿನ, ಗಚ್ಚಿಯ ಮೇಲೆ ನಮ್ಮದೂ ಒಂದು ಫೋಟೋ ಆಯಿತು. ಬೀದಿಯಿಂದ ಬಂದು ನಮ್ಮವನಾದ ಕೆಂಚನನ್ನು ಮಗಳು ಕರೆತಂದಾಗ ಅವ್ವ, "ನಾಯಿ ಯಾಕ ಬೇಕವಾ ಹಬ್ಬದ ದಿನ?" ಎಂದಳು. ನಾನು ಮಾತಾಡದೆ ಅವಳ ಕೈಗೆ ಒಂದು ಚಪಾತಿ ತುಂಡು ಕೊಟ್ಟೆ. ಕೆಂಚ ಹೋಗಿ ಅವಳ ಮೊಣಕಾಲಿಗೆ ಒರಗಿ ಕೂತ. ಫೋಟೋದಲ್ಲಿ ನಾವು ನಾಲ್ವರೂ ಇದ್ದೇವೆ. ಕೆಂಚ ಅವ್ವನನ್ನು ನೋಡುತ್ತಿದ್ದಾನೆ, ಅವ್ವ ಕೆಂಚನನ್ನು.

ರಾತ್ರಿ ಅದನ್ನು ಮೊಬೈಲಿನಲ್ಲಿ ತೋರಿಸಿದೆ. ಬಹಳ ಹೊತ್ತು ಹಿಡಿದು ನೋಡಿ, "ಅವತ್ತು ಹಿಂಗ ಒಂದು ತಗದಿದ್ರ ನಿಮ್ಮ ಅತ್ತಿನೂ ಇರತಿದ್ಲು" ಎಂದಳು.

ವಾಚಕರೇ, ಈ ಸಲ ಮನೆಯಲ್ಲಿ ಎಲ್ಲರೂ ಕೂಡಿದಾಗ ಫೋಟೋ ತೆಗೆಯುವ ಮುನ್ನ ತುಳಸಿಕಟ್ಟೆಯ ಹಿಂದೆ ಯಾರಾದರೂ ಕೂತಿದ್ದಾರೆಯೇ ಎಂದು ಒಮ್ಮೆ ನೋಡಿಬನ್ನಿರಿ.