ಮೆಟಲ್ ಡಿಟೆಕ್ಟರ್ ಕೊಳ್ಳೋ ಮುಂಚೆ ಇದನ್ನೊಂದು ಸಲ ಓದಿ

ಕಳೆದ ತಿಂಗಳು ಮೆಲ್ಬರ್ನಿನಲ್ಲಿ ರಾತ್ರಿ ಶಿಫ್ಟ್ ಮುಗಿಸಿ ಮನೆಗೆ ಬರುವಷ್ಟರಲ್ಲಿ, ನಮ್ಮ ವೇರ್‌ಹೌಸಿನ ಹುಡುಗನೊಬ್ಬನ ಫೋನ್. "ಅಣ್ಣಾ, ಎಂಟು ಸಾವಿರ ಡಾಲರ್ ಮೆಷಿನ್ನು, ಕಂತಿನ ಮೇಲೆ ಕೊಡ್ತಾರಂತೆ. ಬೆಂಡಿಗೋ ಕಡೆ ಒಂದೇ ಒಂದು ಚಿನ್ನದ ಗಟ್ಟಿ ಸಿಕ್ಕಿದ್ರೆ ಸಾಕು, ಊರಿನ ಸಾಲ ತೀರಿಹೋಗುತ್ತೆ. ತಗೊಳ್ಳಲಾ?" ಅವನಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಬರೀತಿದ್ದೀನಿ.

ನನಗೆ ಈ ಹುಚ್ಚು ಹಿಡಿದದ್ದು ಸಿಡ್ನಿಯಲ್ಲಿದ್ದಾಗ. ಬ್ರೈಟನ್-ಲೆ-ಸ್ಯಾಂಡ್ಸ್ ಬೀಚಿನಲ್ಲಿ ಕ್ರಿಕೆಟ್ ಆಡಿ ನೀರಿಗಿಳಿದೆ; ಹೊರಗೆ ಬಂದು ನೋಡಿದರೆ ಮದುವೆ ಉಂಗುರ ಇಲ್ಲ. ತಣ್ಣೀರಿಗೆ ಬೆರಳು ಸಣ್ಣಗಾಗುತ್ತೆ, ಉಂಗುರ ಜಾರುತ್ತೆ ಅನ್ನೋದು ಆಮೇಲೆ ಗೊತ್ತಾಯ್ತು. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಮೆಷಿನ್ ಬೀಸ್ತಿದ್ದ ಅಜ್ಜ ಒಬ್ಬರು ಹತ್ತಿರ ಬಂದು, ಎಲ್ಲಿ ನಿಂತಿದ್ದೆ ಅಂತ ಕೇಳಿದರು. ಮರಳಿನ ಮೇಲೆ ಗೆರೆ ಎಳೆದು, ಸಾಲು ಸಾಲಾಗಿ ಹುಡುಕಿ, ಮುಕ್ಕಾಲು ಗಂಟೆಯಲ್ಲಿ ಉಂಗುರ ತೆಗೆದುಕೊಟ್ಟರು. ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ಬ್ಯಾಗಿನಲ್ಲಿದ್ದ ಚಕ್ಕುಲಿ ಪೊಟ್ಟಣ ಮಾತ್ರ ಖುಷಿಯಿಂದ ಇಸ್ಕೊಂಡರು. ಮೆಲ್ಬರ್ನಿಗೆ ಬಂದ ಮೇಲೆ ನಾನೂ ಕೆಲವು ನೂರು ಡಾಲರಿಗೆ ಒಂದು ಸೆಕೆಂಡ್‌ಹ್ಯಾಂಡ್ ಮೆಷಿನ್ ಕೊಂಡೆ.

ಮೆಷಿನ್ ಕೆಲಸ ಸರಳ. ತುದಿಯ ಕಾಯಿಲ್‌ನಿಂದ ಕಾಂತಕ್ಷೇತ್ರ ನೆಲಕ್ಕೆ ಇಳಿಯುತ್ತೆ. ಒಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಹುಟ್ಟಿ, ಅದರ ಪ್ರತಿಕ್ರಿಯೆ ಕಾಯಿಲ್‌ಗೆ ತಿರುಗಿ ಬಂದು ಕಿವಿಯಲ್ಲಿ ಸದ್ದಾಗುತ್ತೆ. ಕಷ್ಟ ಇರೋದು ಸದ್ದು ಗುರುತಿಸೋದರಲ್ಲಿ. ತೆಳ್ಳನೆ ಚಿನ್ನದ ಉಂಗುರವೂ ಕೂಲ್‌ಡ್ರಿಂಕ್ಸ್ ಡಬ್ಬಿಯ ಕೊಂಡಿಯೂ ಹೆಚ್ಚುಕಮ್ಮಿ ಒಂದೇ ಥರ ಕೂಗುತ್ತವೆ. ವಿಕ್ಟೋರಿಯಾದ ಚಿನ್ನದ ಸೀಮೆಯ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಅಲ್ಲಿ ಅಗ್ಗದ ಮೆಷಿನ್‌ಗಳು ಸುಮ್ಮಸುಮ್ಮನೆ ಅರಚುತ್ತವೆ. ದುಬಾರಿ ಮೆಷಿನ್‌ಗೆ ಬೇಡಿಕೆ ಬಂದದ್ದು ಇದರಿಂದಲೇ.

ಹಾಗಾದ್ರೆ ಚಿನ್ನ ಸಿಗೋದೇ ಇಲ್ವಾ? ಸಿಗುತ್ತೆ. ನಮ್ಮ ಕೋಲಾರದಲ್ಲಿ ಚಿನ್ನ ಗಟ್ಟಿ ಬಂಡೆಯೊಳಗಿತ್ತು. ಅದಕ್ಕಾಗಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು, ಕೊನೆಗೆ ಗಿಟ್ಟದೆ 2001ರಲ್ಲಿ ಗಣಿ ಮುಚ್ಚಿತು. ಇಲ್ಲಿ ಬಂಡೆ ಲಕ್ಷಾಂತರ ವರ್ಷ ಸವೆದು, ಚಿನ್ನದ ಗಟ್ಟಿಗಳು ಮೇಲ್ಮಣ್ಣಿಗೆ ಬಂದಿವೆ. 1869ರಲ್ಲಿ ಮೊಲಿಯಾಗಲ್‌ನಲ್ಲಿ ಸಿಕ್ಕ 'ವೆಲ್‌ಕಮ್ ಸ್ಟ್ರೇಂಜರ್' 70 ಕಿಲೋ ಮೀರಿತ್ತು. ಇದ್ದದ್ದು ನೆಲದಿಂದ ಬರೀ 3 ಸೆಂಟಿಮೀಟರ್ ಕೆಳಗೆ! 1980ರಲ್ಲಿ ಕಿಂಗೋವರ್ ಹತ್ತಿರ ಕೆವಿನ್ ಹಿಲಿಯರ್ ಎಂಬುವರಿಗೆ ಡಿಟೆಕ್ಟರ್‌ನಿಂದಲೇ 27 ಕಿಲೋದ 'ಹ್ಯಾಂಡ್ ಆಫ್ ಫೇತ್' ಸಿಕ್ಕಿತು. ಲಾಸ್ ವೇಗಸ್‌ನ ಕ್ಯಾಸಿನೋ ಒಂದು ಅದನ್ನು ಹತ್ತು ಲಕ್ಷ ಡಾಲರಿಗೂ ಮೇಲೆ ಕೊಟ್ಟು ಕೊಂಡಿತು.

ಈ ಕಥೆಗಳು ಕೇಳೋಕೆ ಚೆಂದ. ಆದರೆ ಆ ನೆಲದ ಮೇಲೆ ನಲವತ್ತಕ್ಕೂ ಹೆಚ್ಚು ವರ್ಷದಿಂದ ಸಾವಿರಾರು ಜನ ಮೆಷಿನ್ ಆಡಿಸಿದ್ದಾರೆ. ಡನೋಲಿ ಕಡೆ ನಾನು ಮೂರು ಚಳಿಗಾಲ ಅಲೆದೆ. ಸಿಕ್ಕಿದ್ದು ಹಳೇ ಮೊಳೆಗಳು, ಬಂದೂಕಿನ ಸೀಸದ ಗುಂಡುಗಳು, ಅಕ್ಕಿ ನುಚ್ಚಿನಷ್ಟು ಚಿನ್ನ. ಪೆಟ್ರೋಲ್ ಖರ್ಚೂ ಹುಟ್ಟಲಿಲ್ಲ. ಬೇಜಾರಿಲ್ಲ, ಯಾಕಂದ್ರೆ ನಾನು ಹೋದದ್ದು ವಾರವಿಡೀ ಟ್ರಾಲಿ ತಳ್ಳಿದ ಮೈಗೆ ಒಂದಿಷ್ಟು ಗಾಳಿ ಸಿಗಲಿ ಅಂತ.

ಈಗ ಕಾನೂನು. ವೀಸಾದ ಮೇಲೆ ಇರುವ ನಾವು ಇದರಲ್ಲಿ ಎಡವಬಾರದು.

ವಿಕ್ಟೋರಿಯಾದಲ್ಲಿ ಚಿನ್ನ ಹುಡುಕೋಕೆ 'ಮೈನರ್ಸ್ ರೈಟ್' ಬೇಕು. ಇದು ಯುರೇಕಾ ದಂಗೆಯ ನಂತರ 1855ರಲ್ಲಿ ಬಂದ ಪದ್ಧತಿ. ಒಮ್ಮೆ ತಗೊಂಡ್ರೆ 10 ವರ್ಷ ನಡೆಯುತ್ತೆ, ಶುಲ್ಕ ಹೆಚ್ಚಿಲ್ಲ. ಕೈ ಉಪಕರಣ ಮಾತ್ರ ಬಳಸಬೇಕು, ತೋಡಿದ ಗುಂಡಿ ಮುಚ್ಚಬೇಕು. ನ್ಯೂ ಸೌತ್ ವೇಲ್ಸ್‌ನಲ್ಲಿ ನಿಯಮ ಬೇರೆ; ಅಲ್ಲಿನ ಸ್ಟೇಟ್ ಫಾರೆಸ್ಟ್‌ಗೆ ಹೋಗೋದಾದ್ರೆ ಫಾರೆಸ್ಟ್ರಿ ಕಾರ್ಪೊರೇಷನ್ ಪರ್ಮಿಟ್ ಬೇಕು. ಎರಡೂ ಕಡೆ ಖಾಸಗಿ ಜಮೀನಿಗೆ ಮಾಲೀಕರ ಒಪ್ಪಿಗೆ ಬೇಕೇ ಬೇಕು. ನ್ಯಾಷನಲ್ ಪಾರ್ಕಿಗೆ ಮೆಷಿನ್ ಒಯ್ಯುವ ಯೋಚನೆ ಬಿಡಿ; ವಿಕ್ಟೋರಿಯಾದಲ್ಲಿ ಕೆಲವೇ ಪಾರ್ಕುಗಳ ಗುರುತಿಸಿದ ಜಾಗದಲ್ಲಿ ಮಾತ್ರ ಅವಕಾಶ. ಬೀಚು, ಆಟದ ಮೈದಾನಕ್ಕೆ ಆಯಾ ಕೌನ್ಸಿಲ್‌ನ ಕೇಳಿ. ಮೂಲನಿವಾಸಿಗಳ ಜಾಗ, ಪಾರಂಪರಿಕ ಜಾಗ ಮುಟ್ಟಲೇಬೇಡಿ.

ಬೀಚಲ್ಲಿ ಸಿಕ್ಕ ಉಂಗುರ ನಿಮ್ಮದಲ್ಲ. ಒಡೆಯರನ್ನು ಹುಡುಕುವ ಪ್ರಯತ್ನ ಮಾಡದೆ ಇಟ್ಟುಕೊಂಡರೆ ಕಳ್ಳತನದ ಕೇಸಾಗಬಹುದು. ಪೊಲೀಸ್ ಸ್ಟೇಷನ್ನಿಗೆ ಕೊಟ್ಟುಬಿಡಿ. ಊರಿಗೆ ಹೋದಾಗ ಹಳೇ ಗುಡಿ, ಕೋಟೆ ಸುತ್ತ ಮೆಷಿನ್ ಆಡಿಸುವ ಆಸೆಯೂ ಬೇಡ. ನಮ್ಮಲ್ಲಿ ನಿಧಿ ಕಾಯ್ದೆ ಪ್ರಕಾರ ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು.

ಚಿನ್ನದ ಸೀಮೆಗೆ ಒಬ್ಬರೇ ಹೋಗಬೇಡಿ. ಪೊದೆ ಮರೆಯಲ್ಲಿ ಬಾಯಿ ತೆರೆದ ಹಳೇ ಗಣಿಗುಂಡಿಗಳಿವೆ, ಬೇಸಿಗೆಯಲ್ಲಿ ಹಾವುಗಳಿವೆ, ಎಷ್ಟೋ ಕಡೆ ಫೋನ್ ಸಿಗಲ್ಲ. ನೀರು ಧಾರಾಳ ಇಟ್ಕೊಳ್ಳಿ, ಎಲ್ಲಿಗೆ ಹೋಗ್ತಿದ್ದೀನಿ ಅಂತ ಮನೆಯಲ್ಲಿ ಹೇಳಿ ಹೋಗಿ.

ಆ ಹುಡುಗನಿಗೆ, "ಮೊದಲು ಒಂದು ಶನಿವಾರ ನನ್ನ ಮೆಷಿನ್ ಹಿಡ್ಕೊಂಡು ನೋಡು" ಅಂದೆ. ಬಂದ. ಐದು ಗಂಟೆಯಲ್ಲಿ ಹನ್ನೊಂದು ಡಬ್ಬಿ ಕೊಂಡಿ, ಒಂದು ಹಳೇ ಪೆನ್ನಿ. 1966ರಲ್ಲಿ ಡಾಲರ್ ಬರೋ ಮುಂಚಿನ, ಅಂಗೈಯಲ್ಲಿ ಅಗಲವಾಗಿ ಕೂರೋ ತಾಮ್ರದ ಕಾಸು. ಅದನ್ನು ಪ್ಯಾಂಟಿಗೆ ಒರೆಸಿ ಒರೆಸಿ ನೋಡಿದ. ವಾಪಸ್ ಬರುವಾಗ ಕಾರಿನಲ್ಲಿ, "ಅಣ್ಣಾ, ಆ ಕಂತು ಬೇಡ ಬಿಡಿ. ಮುಂದಿನ ವಾರ ಹೋಗೋಣ್ವಾ?" ಅಂದ.

ಕೊನೆಗೊಂದು ಮಾತು. ಬೀಚಿನಲ್ಲಿ ಮಾಂಗಲ್ಯವೋ ಓಲೆಯೋ ಕಳೆದರೆ ಗಾಬರಿಯಾಗಿ ಮರಳು ಕೆದಕಬೇಡಿ, ಅದು ಇನ್ನೂ ಆಳಕ್ಕೆ ಇಳಿಯುತ್ತೆ. ನಿಂತ ಜಾಗದಿಂದಲೇ ಫೋನಿನಲ್ಲಿ ಲೊಕೇಶನ್ ಉಳಿಸಿಕೊಳ್ಳಿ, ಫೋಟೋ ತೆಗೆದಿಟ್ಟು, ಟೈಮ್ ಬರೆದಿಡಿ. ಆಮೇಲೆ ಮೆಷಿನ್ ಇರುವ ಯಾರನ್ನಾದರೂ ಕರೆಯಿರಿ. ಮೆಲ್ಬರ್ನಿನಲ್ಲಾದರೆ ನಾನೇ ಬರ್ತೀನಿ. ಚಕ್ಕುಲಿ ಇದ್ದರೆ ಸಾಕು.